ಬೇಸಿಗೆಯ ಕೊನೆಯ ತಂಪು: ಅಳೆಯುವ ಗೆರೆಯೇ ಸರಿದಿರುವಾಗ

ಮಧ್ಯ ಅಕ್ಷಾಂಶದ ನಾಡುಗಳಲ್ಲಿ ಆಗಸ್ಟ್ ಮುಗಿಯುವ ಹೊತ್ತಿಗೆ ಹವೆ ಒಮ್ಮೆಗೇ ತಿರುಗುವುದುಂಟು. ವಾರಗಟ್ಟಲೆ ಕಾಡಿದ ಸೆಕೆ ಒಂದು ಸಂಜೆ ಗುಡುಗು ಮಳೆಯೊಂದಿಗೆ ಒಡೆಯುತ್ತದೆ. ಮರುದಿನ ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿದ್ದು, ಗಾಳಿ ಒಣಗಿ ಹಗುರಾಗಿರುತ್ತದೆ. ಮುಂದಿನ ಮೂರ್ನಾಲ್ಕು ದಿನ ಉಷ್ಣಾಂಶ ವಾಡಿಕೆಗಿಂತ ಐದಾರು ಡಿಗ್ರಿ ಕೆಳಗೇ ಉಳಿಯುತ್ತದೆ. ದಕ್ಷಿಣಾರ್ಧಗೋಳದಲ್ಲಿ ಇದೇ ಬದಲಾವಣೆ ಫೆಬ್ರುವರಿ ಕೊನೆಗೆ ಬರುತ್ತದೆ. ಆಗ ಎರಡು ಬಗೆಯ ಮಾತು ಕೇಳಿಬರುತ್ತವೆ. ಭೂಮಿ ಬಿಸಿಯಾಗುತ್ತಿದೆ ಅಂದಿರಲ್ಲ, ಎಲ್ಲಿ ಹೋಯಿತು ಆ ಬಿಸಿ ಎಂದು ಕೆಲವರು ಕೇಳುತ್ತಾರೆ. ಇಷ್ಟು ಬೇಗ ಚಳಿ ಬಂತೆಂದರೆ ಋತುಗಳೇ ಕೆಟ್ಟಿವೆ ಎಂದು ಇನ್ನು ಕೆಲವರು ಹೇಳುತ್ತಾರೆ. ಇಬ್ಬರೂ ಮೈಗೆ ತಟ್ಟಿದ ವ್ಯತ್ಯಾಸವನ್ನಷ್ಟೇ ನೋಡಿ ತೀರ್ಪು ಕೊಡುತ್ತಿದ್ದಾರೆ.

ತಂಪು ನಿಜವೇ, ಅದು ಬರುವ ದಾರಿಯೂ ಹಳೆಯದೇ. ಬದಲಾಗಿರುವ ಸಂಗತಿಗಳು ಬೇರೆ: ಅದನ್ನು ಅಳೆಯುವ ವಾಡಿಕೆಯ ಗೆರೆ ಮೇಲಕ್ಕೆ ಸರಿದಿದೆ, ಇಂಥ ತಂಪು ಬರುವುದು ಅಪರೂಪವಾಗುತ್ತಿದೆ, ಮತ್ತು ಅದು ಬಂದಾಗ ಕೆಳಗೆ ಕಾದು ನಿಂತಿರುವ ಸಮುದ್ರ ಮೊದಲಿನಷ್ಟು ತಣ್ಣಗಿಲ್ಲ.

ಸೂರ್ಯನ ಲೆಕ್ಕದಿಂದ ಆರಂಭಿಸೋಣ. 45 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಜೂನ್ 21ರ ನಡುಹಗಲು ಸೂರ್ಯ ದಿಗಂತದಿಂದ ಸುಮಾರು 68 ಡಿಗ್ರಿ ಎತ್ತರದಲ್ಲಿರುತ್ತಾನೆ. ಆಗಸ್ಟ್ 31ಕ್ಕೆ ಆ ಎತ್ತರ 54 ಡಿಗ್ರಿಯ ಆಸುಪಾಸಿಗೆ ಇಳಿದಿರುತ್ತದೆ. ಹದಿನೈದೂವರೆ ಗಂಟೆಗೂ ಮೀರಿದ್ದ ಹಗಲು ಹದಿಮೂರು ಕಾಲು ಗಂಟೆಯ ಹತ್ತಿರಕ್ಕೆ ಬಂದಿರುತ್ತದೆ, ದಿನಕ್ಕೆ ಮೂರು ನಿಮಿಷದಂತೆ ಇನ್ನೂ ಕುಗ್ಗುತ್ತಿರುತ್ತದೆ. ವಾತಾವರಣದ ನೆತ್ತಿಯ ಮೇಲೆ ಬೀಳುವ ಬಿಸಿಲನ್ನು ಹಗಲು ರಾತ್ರಿ ಸೇರಿಸಿ ಸರಾಸರಿ ತೆಗೆದರೆ, ಜೂನ್ ಕೊನೆಯಲ್ಲಿ ಚದರ ಮೀಟರಿಗೆ ಸುಮಾರು 480 ವ್ಯಾಟ್ ಇದ್ದದ್ದು ಆಗಸ್ಟ್ ಕೊನೆಗೆ 370 ವ್ಯಾಟ್. ಎರಡು ತಿಂಗಳು ಹತ್ತು ದಿನದಲ್ಲಿ ಬಿಸಿಲಿನ ಆದಾಯ ಕಾಲು ಭಾಗದಷ್ಟು ಕರಗಿತು.

ಇದರ ಪಕ್ಕದಲ್ಲಿ ಇನ್ನೊಂದು ಅಂಕಿಯನ್ನು ಇಡಬೇಕು. ವಾಯುಗುಣ ಬದಲಾವಣೆಯ ಕುರಿತ ವಿಶ್ವಸಂಸ್ಥೆಯ ವಿಜ್ಞಾನ ಸಮಿತಿಯಾದ ಐಪಿಸಿಸಿಯ ಆರನೇ ವರದಿಯ ಪ್ರಕಾರ, 1750ಕ್ಕೆ ಹೋಲಿಸಿದರೆ 2019ರ ಹೊತ್ತಿಗೆ ಮನುಷ್ಯ ಚಟುವಟಿಕೆಗಳು ಭೂಮಿಯ ಶಕ್ತಿಯ ಲೆಕ್ಕಕ್ಕೆ ಸೇರಿಸಿದ ಬಿಸಿ ಏರಿಸುವ ಒತ್ತಡ ಚದರ ಮೀಟರಿಗೆ ಸುಮಾರು 2.7 ವ್ಯಾಟ್. ಋತುವಿನ 110 ವ್ಯಾಟ್ ಇಳಿತದ ಎದುರು 2.7 ಏನೂ ಅಲ್ಲವೆಂದು ತೋರಬಹುದು. ಆಯಾ ವಾರದ ಮಟ್ಟಿಗೆ ಅದು ನಿಜ: ಶರತ್ಕಾಲ ಬರುವುದನ್ನು ಯಾವ ಹಸಿರುಮನೆ ಅನಿಲವೂ ತಡೆಯಲಾರದು. ಆದರೆ ಋತುವಿನ ಇಳಿತ ಮುಂದಿನ ಜೂನ್‌ಗೆ ಪೂರ್ತಿ ವಾಪಸಾಗುತ್ತದೆ. ಆ 2.7 ವ್ಯಾಟ್ ಮಾತ್ರ ಎಲ್ಲ ಅಕ್ಷಾಂಶಗಳಲ್ಲಿ, ಹಗಲೂ ಇರುಳೂ, ಪ್ರತಿ ವರ್ಷವೂ ಒಂದೇ ದಿಕ್ಕಿಗೆ ಕೆಲಸ ಮಾಡುತ್ತದೆ. ಒಂದು ವಾರದ ಹವೆಯಲ್ಲಿ ಅದನ್ನು ಹುಡುಕಿದರೆ ಸಿಗದು, ಮೂವತ್ತು ವರ್ಷದ ದಾಖಲೆಯಲ್ಲಿ ಅಡಗಿಸಿಡಲು ಆಗದು.

ಬಿಸಿಲು ಜೂನ್‌ನಲ್ಲೇ ಇಳಿಮುಖವಾದರೂ ಸೆಕೆ ಜುಲೈ ಕೊನೆಯ ಹತ್ತಿರದವರೆಗೆ ಏರುತ್ತಲೇ ಇರುತ್ತದೆ. ಬರುವ ಶಕ್ತಿ ಹೋಗುವ ಶಕ್ತಿಗಿಂತ ಹೆಚ್ಚಿರುವಷ್ಟು ದಿನ ನೆಲ ಕಾಯುತ್ತದೆ. ಒಳನಾಡಿನಲ್ಲಿ ಈ ತಡ ಸುಮಾರು ಒಂದು ತಿಂಗಳು. ಸಮುದ್ರಕ್ಕೆ ಎರಡರಿಂದ ಮೂರು ತಿಂಗಳು ಬೇಕು, ಏಕೆಂದರೆ ಅಲೆಗಳು ಕಲಕಿ ಬಿಸಿಯನ್ನು ಹತ್ತಾರು ಮೀಟರ್ ಆಳಕ್ಕೆ ಹಂಚುತ್ತವೆ. ಹಾಗಾಗಿ ನೆಲ ಆರತೊಡಗಿದಾಗ ಉತ್ತರಾರ್ಧದ ಸಮುದ್ರಗಳು ವರ್ಷದಲ್ಲೇ ಅತಿ ಬೆಚ್ಚಗಿರುತ್ತವೆ. ಇದು ಮುಂದೆ ಬೇಕಾಗುತ್ತದೆ.

ತಂಪು ಬರುವ ದಾರಿ

ಬಿಸಿಲಿನ ಇಳಿತ ನಿಧಾನವಾದದ್ದು. ಒಂದೇ ರಾತ್ರಿಯಲ್ಲಿ ಹತ್ತು ಡಿಗ್ರಿ ಇಳಿಸುವ ಕೆಲಸ ಗಾಳಿಯದು. ಆಗಸ್ಟ್ ತಿಂಗಳ ಎರಡನೆಯ ಅರ್ಧದಲ್ಲಿ ಆರ್ಕ್ಟಿಕ್ ವಲಯ ಬೇಗ ಬೇಗ ಬಿಸಿಲು ಕಳೆದುಕೊಳ್ಳುತ್ತದೆ, ಉಷ್ಣವಲಯ ಹೆಚ್ಚು ಕಳೆದುಕೊಳ್ಳುವುದಿಲ್ಲ. ಇವೆರಡರ ನಡುವಿನ ಉಷ್ಣಾಂಶದ ಅಂತರ ಹಿಗ್ಗಿದಂತೆ, ಒಂಬತ್ತು ಹತ್ತು ಕಿಲೋಮೀಟರ್ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಬಲಗೊಂಡು ದಕ್ಷಿಣಕ್ಕೆ ಸರಿಯುತ್ತದೆ. ಅದು ನೇರ ಗೆರೆಯಲ್ಲಿ ಹರಿಯದೆ ಅಲೆಯಾಗಿ ಬಳುಕುತ್ತದೆ. ಅಲೆಯ ತಗ್ಗು ನಮ್ಮ ತಲೆಯ ಮೇಲೆ ಬಂದರೆ ಉತ್ತರದ ಗಾಳಿ ಕೆಳಗಿಳಿಯುತ್ತದೆ, ಉಬ್ಬು ಬಂದರೆ ದಕ್ಷಿಣದ ಬಿಸಿ ಮೇಲೇರುತ್ತದೆ. ಒಂದೂರು ವಾಡಿಕೆಗಿಂತ ಆರು ಡಿಗ್ರಿ ತಣ್ಣಗಿರುವ ದಿನವೇ ಸಾವಿರಾರು ಕಿಲೋಮೀಟರ್ ಆಚೆ ಇನ್ನೊಂದು ಪ್ರದೇಶ ಅಷ್ಟೇ ಬಿಸಿಯಾಗಿರುವುದು ಇದರಿಂದಲೇ.

ತಣ್ಣನೆ ಗಾಳಿಯ ಮುಂಚೂಣಿಗೆ ಕೋಲ್ಡ್ ಫ್ರಂಟ್ ಎನ್ನುತ್ತಾರೆ. ತಣ್ಣನೆ ಗಾಳಿ ಭಾರವಾದ್ದರಿಂದ ಬೆಚ್ಚನೆ ಗಾಳಿಯ ಅಡಿಗೆ ನುಗ್ಗಿ ಅದನ್ನು ಮೇಲಕ್ಕೆತ್ತುತ್ತದೆ, ಗುಡುಗು ಮಳೆ ಹುಟ್ಟುವುದು ಅಲ್ಲೇ. ಅದು ದಾಟಿತೆಂದು ತಿಳಿಯಲು ಥರ್ಮಾಮೀಟರ್ ಒಂದನ್ನೇ ನೋಡಬಾರದು, ಮಳೆ ಬಂದ ಮಾತ್ರಕ್ಕೂ ಉಷ್ಣಾಂಶ ಇಳಿಯುತ್ತದೆ. ನಾಲ್ಕು ಗುರುತು ಒಟ್ಟಿಗೆ ಸಿಗಬೇಕು: ಇಳಿಯುತ್ತಿದ್ದ ವಾಯುಭಾರ ತಟ್ಟನೆ ಏರತೊಡಗುತ್ತದೆ, ಉತ್ತರಾರ್ಧಗೋಳದಲ್ಲಿ ಗಾಳಿ ನೈಋತ್ಯದಿಂದ ವಾಯವ್ಯಕ್ಕೆ ತಿರುಗುತ್ತದೆ, ದೂರದ ನೋಟ ನಿಚ್ಚಳವಾಗುತ್ತದೆ, ಇಬ್ಬನಿ ಬಿಂದು (ಗಾಳಿಯಲ್ಲಿನ ನೀರಾವಿ ಹನಿಗಟ್ಟತೊಡಗುವ ಉಷ್ಣಾಂಶ) ಕುಸಿಯುತ್ತದೆ. ಉಷ್ಣಾಂಶ ಇಳಿದೂ ಇಬ್ಬನಿ ಬಿಂದು ಹಾಗೇ ಉಳಿದಿದ್ದರೆ ಗಾಳಿ ಬದಲಾಗಿಲ್ಲ, ಮಳೆ ತಾತ್ಕಾಲಿಕವಾಗಿ ತಣಿಸಿದೆ ಅಷ್ಟೆ. ಮರುದಿನದ ಬಿಸಿಲಿಗೆ ಸೆಕೆ ಮರಳುತ್ತದೆ.

ಇಬ್ಬನಿ ಬಿಂದುವನ್ನು ಜನ ಕಡೆಗಣಿಸುತ್ತಾರೆ, ಇದು ದೊಡ್ಡ ನಷ್ಟ. ಗಾಳಿಯಲ್ಲಿ ನೀರಾವಿ ಎಷ್ಟಿದೆ ಎಂಬುದನ್ನು ನೇರವಾಗಿ ಹೇಳುವ ಅಂಕಿ ಅದು. 23 ಡಿಗ್ರಿಯಿಂದ 9 ಡಿಗ್ರಿಗೆ ಇಬ್ಬನಿ ಬಿಂದು ಇಳಿದರೆ ಗಾಳಿಯಲ್ಲಿನ ನೀರಾವಿ ಅರ್ಧಕ್ಕಿಂತ ಕಡಿಮೆಯಾಗಿದೆ ಎಂದರ್ಥ. ರಾತ್ರಿ ಎಷ್ಟು ತಣ್ಣಗಾಗಬಹುದು ಎಂಬುದಕ್ಕೂ ಅದೇ ಸೂಚನೆ. ನೆಲ ಆಕಾಶಕ್ಕೆ ಶಾಖ ಸೂಸುತ್ತಾ ಆರುತ್ತದೆ. ಉಷ್ಣಾಂಶ ಇಬ್ಬನಿ ಬಿಂದುವನ್ನು ಮುಟ್ಟಿದಾಗ ನೀರಾವಿ ಹನಿಗಟ್ಟತೊಡಗಿ, ಒಂದು ಕಿಲೋ ನೀರಿಗೆ ಸುಮಾರು 25 ಲಕ್ಷ ಜೂಲ್ ಗುಪ್ತೋಷ್ಣ, ಅಂದರೆ ಆವಿಯಲ್ಲಿ ಅಡಗಿದ್ದ ಶಾಖ, ಬಿಡುಗಡೆಯಾಗುತ್ತದೆ. ಅಲ್ಲಿಂದ ಕೆಳಗೆ ಇಳಿತ ಬಹಳ ನಿಧಾನ. ಸೆಕೆಯ ರಾತ್ರಿ 22 ಡಿಗ್ರಿಯಲ್ಲೇ ನಿಲ್ಲುವುದೂ, ಫ್ರಂಟ್ ದಾಟಿದ ರಾತ್ರಿ 9ರವರೆಗೆ ಜಾರುವುದೂ ಇದರಿಂದಲೇ.

ಫ್ರಂಟ್ ದಾಟಿದ ಮೊದಲ ರಾತ್ರಿಗಿಂತ ಎರಡನೆಯ ರಾತ್ರಿ ಹೆಚ್ಚು ತಣ್ಣಗಿರುವುದೂ ಸಾಮಾನ್ಯ. ಮೊದಲ ರಾತ್ರಿ ಗಾಳಿ ಬೀಸುತ್ತಾ ಮೇಲಿನ ಬೆಚ್ಚನೆ ಪದರವನ್ನು ನೆಲಕ್ಕೆ ಬೆರೆಸುತ್ತಿರುತ್ತದೆ. ಎರಡನೆಯ ರಾತ್ರಿ ಅಧಿಕ ವಾಯುಭಾರದ ಕೇಂದ್ರ ತಲೆಯ ಮೇಲೆ ಬಂದು, ಗಾಳಿ ನಿಂತು, ಮೋಡ ಚದುರಿದಾಗ ತಣ್ಣನೆ ಗಾಳಿ ತಗ್ಗುಗಳಲ್ಲಿ ಮಡುಗಟ್ಟುತ್ತದೆ. ದಿಣ್ಣೆಯ ಮೇಲಿನ ತೋಟಕ್ಕೂ ಕಣಿವೆಯ ತೋಟಕ್ಕೂ ಅಂಥ ಬೆಳಗಿನಲ್ಲಿ ನಾಲ್ಕೈದು ಡಿಗ್ರಿ ವ್ಯತ್ಯಾಸ ಕಾಣುವುದು ಅಪರೂಪವಲ್ಲ. ಹಿಮ ಬೀಳುವ ಭಯ ಇರುವ ಕಡೆ ಎಳೆ ಸಸಿಗಳಿಗೆ ಹೊದಿಕೆಯನ್ನು ಎರಡನೆಯ ಸಂಜೆಯೂ ಹಾಕಬೇಕು, ಮೊದಲ ಬೆಳಿಗ್ಗೆ ಏನೂ ಆಗಲಿಲ್ಲವೆಂದು ತೆಗೆದಿಡಬಾರದು.

ವಾಡಿಕೆ ಎಂದರೆ ಯಾವ ವಾಡಿಕೆ?

ಹವಾಮಾನ ಸುದ್ದಿಯಲ್ಲಿ ‘ವಾಡಿಕೆಗಿಂತ ಕಡಿಮೆ’ ಎಂದು ಬಂದಾಗ ಕೇಳಲೇಬೇಕಾದ ಪ್ರಶ್ನೆ ಇದು. ವಿಶ್ವ ಹವಾಮಾನ ಸಂಸ್ಥೆಯ ನಿಯಮದಂತೆ ವಾಡಿಕೆ ಎಂದರೆ ಮೂವತ್ತು ವರ್ಷಗಳ ಸರಾಸರಿ, ಹತ್ತು ವರ್ಷಕ್ಕೊಮ್ಮೆ ಅದು ಮುಂದಕ್ಕೆ ಸರಿಯುತ್ತದೆ. ಈಗ ಬಳಕೆಯಲ್ಲಿರುವುದು 1991ರಿಂದ 2020ರವರೆಗಿನದು. ದೀರ್ಘಕಾಲದ ಬದಲಾವಣೆಯನ್ನು ಹೋಲಿಸಲು 1961ರಿಂದ 1990ರ ಅವಧಿಯನ್ನೂ ಉಳಿಸಿಕೊಳ್ಳಲಾಗಿದೆ. ದೈನಂದಿನ ಮುನ್ಸೂಚನೆಗೆ ಹೊಸ ಗೆರೆಯೇ ಸರಿ, ನಾಳೆ ಏನು ಉಡಬೇಕೆಂದು ತಿಳಿಯಲು ಇತ್ತೀಚಿನ ಸರಾಸರಿ ಬೇಕು. ಆದರೆ ಅದೇ ಗೆರೆಯಿಂದ ವಾಯುಗುಣದ ಬಗ್ಗೆ ತೀರ್ಮಾನಕ್ಕೆ ಬಂದರೆ ಮೋಸ ಹೋಗುತ್ತೇವೆ.

ಉದಾಹರಣೆಗೆ ಒಂದು ಕಾಲ್ಪನಿಕ ಮಾಪನ ಕೇಂದ್ರ ತೆಗೆದುಕೊಳ್ಳಿ. ಅಲ್ಲಿ ಆಗಸ್ಟ್ ಕೊನೆಯ ವಾರದ ಗರಿಷ್ಠ ಉಷ್ಣಾಂಶದ ಸರಾಸರಿ ಹಳೆಯ ಅವಧಿಯಲ್ಲಿ 24.4, ಹೊಸ ಅವಧಿಯಲ್ಲಿ 25.6 ಎಂದಿರಲಿ. ಈ ವರ್ಷ ಆ ವಾರ 24.6 ದಾಖಲಾಯಿತು. ಸುದ್ದಿಯ ಪ್ರಕಾರ ಅದು ವಾಡಿಕೆಗಿಂತ ಒಂದು ಡಿಗ್ರಿ ಕಡಿಮೆ, ಎಲ್ಲರಿಗೂ ತಂಪೆನಿಸಿತು. ಹಳೆಯ ಅವಧಿಯ ಗೆರೆಯಿಂದ ಅಳೆದರೆ ಅದೇ ವಾರ 0.2 ಡಿಗ್ರಿ ಹೆಚ್ಚು ಬಿಸಿ. ನಮಗೆ ಹಿತವಾದ ತಂಪೆನಿಸಿದ್ದು ಅಜ್ಜನ ಕಾಲಕ್ಕೆ ಮಾಮೂಲಿ ಆಗಸ್ಟ್. ನೆನಪು ಹತ್ತಿಪ್ಪತ್ತು ವರ್ಷಕ್ಕಿಂತ ಹಿಂದಕ್ಕೆ ಚಾಚುವುದಿಲ್ಲ, ಹಾಗಾಗಿ ಗೆರೆಯ ಸರಿತ ನಮ್ಮ ಅರಿವಿಗೇ ಬರುವುದಿಲ್ಲ. ನನ್ನ ಮಟ್ಟಿಗೆ ಈ ಇಡೀ ಚರ್ಚೆಯಲ್ಲಿ ಅತ್ಯಂತ ಮುಖ್ಯವಾದ ಅಂಶ ಇದೇ.

ಸಂಖ್ಯಾಶಾಸ್ತ್ರದ ಒಂದು ಸರಳ ಲೆಕ್ಕ ಇದನ್ನು ಇನ್ನಷ್ಟು ಬಿಡಿಸುತ್ತದೆ. ಬೇಸಿಗೆಯ ದಿನಗಳ ಉಷ್ಣಾಂಶ ಸರಾಸರಿಯ ಎರಡೂ ಬದಿಗೆ ಸಮನಾಗಿ ಹಂಚಿಕೆಯಾಗಿದೆ, ಗಂಟೆಯಾಕಾರದ ಆ ಹಂಚಿಕೆಯ ಪ್ರಮಾಣ ವಿಚಲನೆ, ಅಂದರೆ ದಿನಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ, 4 ಡಿಗ್ರಿ ಎಂದುಕೊಳ್ಳೋಣ. ಸರಾಸರಿಗಿಂತ 8 ಡಿಗ್ರಿಯಾದರೂ ತಣ್ಣಗಿರುವ ದಿನಗಳು ಶೇ 2.3 ಇರುತ್ತವೆ, 8 ಡಿಗ್ರಿಯಾದರೂ ಹೆಚ್ಚು ಬಿಸಿಯ ದಿನಗಳೂ ಅಷ್ಟೇ. 92 ದಿನಗಳ ಬೇಸಿಗೆಯಲ್ಲಿ ತಲಾ ಎರಡು ದಿನ. ಈಗ ಸರಾಸರಿಯನ್ನು ಒಂದೂವರೆ ಡಿಗ್ರಿ ಮೇಲಕ್ಕೆ ಸರಿಸಿ, ಹಳೆಯ ಮಿತಿಗಳನ್ನೇ ಇಟ್ಟುಕೊಳ್ಳಿ. ತಣ್ಣನೆ ದಿನಗಳು ಶೇ 0.9ಕ್ಕೆ ಇಳಿಯುತ್ತವೆ, ಬಿಸಿ ದಿನಗಳು ಶೇ 5.2ಕ್ಕೆ ಏರುತ್ತವೆ. ಅಂದರೆ ಬೇಸಿಗೆಗೆ ಒಂದು ತಂಪಿನ ದಿನವೂ ಪೂರ್ತಿ ಸಿಗದು, ಉರಿಯ ದಿನಗಳು ಸುಮಾರು ಐದು. ಬರೀ ಒಂದೂವರೆ ಡಿಗ್ರಿಗೆ ಒಂದಕ್ಕೊಂದು ಇದ್ದ ಅನುಪಾತ ಆರಕ್ಕೊಂದರ ಹತ್ತಿರ ಹೋಯಿತು. ತಂಪಿನ ದಿನ ಸೊನ್ನೆಯಾಗಲಿಲ್ಲ ಎಂಬುದನ್ನೂ ಗಮನಿಸಬೇಕು. ಬಿಸಿಯಾಗುತ್ತಿರುವ ಭೂಮಿಯಲ್ಲಿ ತಂಪಿನ ವಾರ ಬಂದೇ ಬರುತ್ತದೆ, ಈ ಲೆಕ್ಕವೇ ಅದನ್ನು ಮೊದಲೇ ಹೇಳುತ್ತದೆ.

ಒಂದೂವರೆ ಡಿಗ್ರಿಯನ್ನು ಸುಮ್ಮನೆ ಆರಿಸಿದ್ದಲ್ಲ. 1850ರಿಂದ 1900ರ ಸರಾಸರಿಗೆ ಹೋಲಿಸಿದರೆ 2011ರಿಂದ 2020ರ ದಶಕದಲ್ಲಿ ಭೂಮಿಯ ಮೇಲ್ಮೈ 1.09 ಡಿಗ್ರಿ ಬೆಚ್ಚಗಿತ್ತು ಎಂದು ಐಪಿಸಿಸಿ ಲೆಕ್ಕ ಹಾಕಿದೆ. ನೆಲದ ಮೇಲಷ್ಟೇ ನೋಡಿದರೆ ಏರಿಕೆ 1.59 ಡಿಗ್ರಿ, ಸಮುದ್ರದ ಮೇಲೆ 0.88. ವಿಶ್ವ ಹವಾಮಾನ ಸಂಸ್ಥೆಯ ಪ್ರಕಾರ 2024ರ ಒಂದು ವರ್ಷದ ಜಾಗತಿಕ ಅಂಕಿ ಸುಮಾರು 1.55.

ಲೆಕ್ಕ ಕಾಗದದ ಮೇಲಷ್ಟೇ ಇಲ್ಲ. ವಾಯುಗುಣ ಸ್ಥಿರವಾಗಿದ್ದರೆ, ನೂರು ವರ್ಷ ದಾಖಲೆ ಇರುವ ಕೇಂದ್ರದಲ್ಲಿ ನಿರ್ದಿಷ್ಟ ತಾರೀಖಿನಂದು ಹೊಸ ಗರಿಷ್ಠ ದಾಖಲೆ ಬರುವ ಸಾಧ್ಯತೆ ಶೇ 1ರಷ್ಟು, ಹೊಸ ಕನಿಷ್ಠ ದಾಖಲೆಯದೂ ಅಷ್ಟೇ. ಅಮೆರಿಕದ ಕೇಂದ್ರಗಳ ದಾಖಲೆಯನ್ನು ಪರಿಶೀಲಿಸಿ 2009ರಲ್ಲಿ ಪ್ರಕಟವಾದ ಅಧ್ಯಯನ, ಆ ದಶಕದಲ್ಲಿ ಒಂದು ಶೀತ ದಾಖಲೆಗೆ ಸುಮಾರು ಎರಡು ಉಷ್ಣ ದಾಖಲೆಗಳು ಬಂದದ್ದನ್ನು ತೋರಿಸಿತು. ಋತುವಿನ ಉದ್ದವೂ ಬದಲಾಗಿದೆ. 1952ರಿಂದ 2011ರ ನಡುವೆ ಉತ್ತರಾರ್ಧದ ಮಧ್ಯ ಅಕ್ಷಾಂಶಗಳಲ್ಲಿ ಬೇಸಿಗೆ 78 ದಿನದಿಂದ 95 ದಿನಕ್ಕೆ ಬೆಳೆದಿದೆ ಎಂದು 2021ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತದೆ. ಕ್ಯಾಲೆಂಡರಿನ ಬದಲು, ವರ್ಷದ ಅತಿ ಬೆಚ್ಚನೆಯ ಕಾಲು ಭಾಗದ ಮಿತಿಯನ್ನು ಉಷ್ಣಾಂಶ ದಾಟುವ ದಿನದಿಂದ ಅವರು ಬೇಸಿಗೆಯನ್ನು ಎಣಿಸಿದ್ದಾರೆ. ಆಗಸ್ಟ್ ಕೊನೆಯ ತಂಪು ಈಗ ಹಲವೆಡೆ ಬೇಸಿಗೆಯ ನಡುವೆ ಬರುವ ಬಿಡುವು, ಅದರಾಚೆಗೂ ಬೇಸಿಗೆ ಇದೆ.

ತಣ್ಣನೆ ಗಾಳಿಯ ತವರೂ ಬದಲಾಗಿದೆ. 1979ರಿಂದ ಈಚೆಗೆ ಆರ್ಕ್ಟಿಕ್ ಪ್ರದೇಶ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ ಎಂದು 2022ರ ಅಧ್ಯಯನವೊಂದು ತೋರಿಸಿತು. ಇದನ್ನು ಬೇಸಿಗೆಗೆ ಹಾಗೇ ಅನ್ವಯಿಸುವುದು ಮಾತ್ರ ತಪ್ಪು. ಬೇಸಿಗೆಯಲ್ಲಿ ಆರ್ಕ್ಟಿಕ್ ಸಾಗರದ ಮೇಲ್ಮೈ ಗಾಳಿ ಸೊನ್ನೆಯ ಆಸುಪಾಸಿನಲ್ಲೇ ಇರುತ್ತದೆ, ಏಕೆಂದರೆ ಹೆಚ್ಚುವರಿ ಬಿಸಿಯ ದೊಡ್ಡ ಭಾಗ ಮಂಜುಗಡ್ಡೆ ಕರಗಿಸಲು ಖರ್ಚಾಗುತ್ತದೆ. ದೊಡ್ಡ ಏರಿಕೆ ಕಾಣುವುದು ಶರತ್ಕಾಲ ಮತ್ತು ಚಳಿಗಾಲದಲ್ಲಿ, ತೆರೆದ ನೀರು ತಾನು ಹೀರಿದ ಬಿಸಿಯನ್ನು ಹೊರಬಿಡುವಾಗ. ಬೇಸಿಗೆಯ ಕೊನೆಗೆ ತಂಪು ಕಳುಹಿಸುವ ಉತ್ತರದ ಭೂಖಂಡಗಳ ಕಥೆ ಬೇರೆ. ಅಲ್ಲಿ ಜೂನ್ ತಿಂಗಳ ಹಿಮಹೊದಿಕೆ ಕಳೆದ ಅರ್ಧ ಶತಮಾನದಲ್ಲಿ ತೀವ್ರವಾಗಿ ಕುಗ್ಗಿದೆ, ಬೇಗ ಬೋಳಾದ ನೆಲ ಬೇಗ ಕಾಯುತ್ತದೆ. ಅದೇ ದಾರಿಯಲ್ಲಿ, ಅದೇ ವೇಗದಲ್ಲಿ ಬಂದ ಗಾಳಿ ಈಗ ತುಸು ಕಡಿಮೆ ತಂಪನ್ನು ಹೊತ್ತು ತರುತ್ತದೆ.

ಆರ್ಕ್ಟಿಕ್ ಬಿಸಿಯಿಂದ ಜೆಟ್ ಸ್ಟ್ರೀಮ್ ದುರ್ಬಲವಾಗಿ ಹೆಚ್ಚು ಬಳುಕುತ್ತದೆ, ಹೀಗಾಗಿ ತಂಪಿನ ಅಲೆಗಳೂ ಹೆಚ್ಚುತ್ತವೆ ಎಂಬ ವಾದವನ್ನು 2012ರ ಸುಮಾರಿನಿಂದ ಕೇಳುತ್ತಿದ್ದೇವೆ. ವಿಜ್ಞಾನಿಗಳಲ್ಲಿ ಇದಕ್ಕೆ ಒಮ್ಮತವಿಲ್ಲ. ಪ್ರತಿ ತಂಪಿನ ವಾರಕ್ಕೂ ಅದನ್ನೇ ಕಾರಣವಾಗಿ ಕೊಡುವವರು ವಾಯುಗುಣದ ವಿಜ್ಞಾನಕ್ಕೆ ಒಳ್ಳೆಯದು ಮಾಡುತ್ತಿಲ್ಲ. ಜೆಟ್ ಸ್ಟ್ರೀಮ್ ಯಾವಾಗಲೂ ಬಳುಕುತ್ತಿತ್ತು.

ಕಡಿಮೆಯಾಗುತ್ತಿರುವ ತಂಪನ್ನು ಹುಡುಕುವವರು ಹಗಲಿಗಿಂತ ರಾತ್ರಿಯನ್ನು ನೋಡಬೇಕು. ಕಳೆದ ಶತಮಾನದ ಮಧ್ಯದಿಂದ ಕನಿಷ್ಠ ಉಷ್ಣಾಂಶ ಗರಿಷ್ಠಕ್ಕಿಂತ ಹೆಚ್ಚು ಏರಿದ ಪ್ರದೇಶಗಳು ಬಹಳ. ಹಗಲು ನೆಲದ ಬಿಸಿ ಒಂದೆರಡು ಕಿಲೋಮೀಟರ್ ದಪ್ಪದ ಗಾಳಿಯಲ್ಲಿ ಹಂಚಿಹೋಗುತ್ತದೆ. ರಾತ್ರಿ ನೆಲಕ್ಕಂಟಿದ ಪದರ ಹೆಚ್ಚೆಂದರೆ ಕೆಲವು ನೂರು ಮೀಟರ್, ಆದ್ದರಿಂದ ಅಷ್ಟೇ ಹೆಚ್ಚುವರಿ ಶಕ್ತಿ ಅದನ್ನು ಹೆಚ್ಚು ಬಿಸಿ ಮಾಡುತ್ತದೆ. ಪ್ರತಿ ಡಿಗ್ರಿ ಏರಿಕೆಗೆ ಗಾಳಿ ಹಿಡಿಯಬಲ್ಲ ನೀರಾವಿ ಸುಮಾರು ಶೇ 7ರಷ್ಟು ಹೆಚ್ಚುತ್ತದೆ, ಅದೂ ರಾತ್ರಿಯ ಶಾಖವನ್ನು ತಡೆಹಿಡಿಯುತ್ತದೆ. ನಗರದ ಕಾಂಕ್ರೀಟು ಇದಕ್ಕೆ ತನ್ನದನ್ನೂ ಸೇರಿಸುತ್ತದೆ.

ತಂಪು ಬೆಚ್ಚನೆ ಸಮುದ್ರಕ್ಕೆ ಸಿಕ್ಕಾಗ

ಬೇಸಿಗೆಯ ಕೊನೆಯ ತಂಪನ್ನು ಹಿತವಾದ ಸುದ್ದಿಯಾಗಿಯೇ ಓದುತ್ತೇವೆ. 2024ರ ಸೆಪ್ಟೆಂಬರ್ ಮಧ್ಯಭಾಗ ಬೇರೆಯದನ್ನೇ ತೋರಿಸಿತು. ಆ ಬೇಸಿಗೆ ಯುರೋಪಿನ ದಾಖಲೆಯಲ್ಲೇ ಅತಿ ಬಿಸಿಯದಾಗಿತ್ತು, ಮೆಡಿಟರೇನಿಯನ್ ಸಮುದ್ರ ಅಸಾಧಾರಣವಾಗಿ ಕಾದಿತ್ತು. ಆಗ ಉತ್ತರದಿಂದ ತಣ್ಣನೆ ಗಾಳಿ ಮಧ್ಯ ಯುರೋಪಿಗೆ ಧುಮುಕಿತು, ಆಲ್ಪ್ಸ್ ಪರ್ವತಗಳಲ್ಲಿ ಹಿಮ ಬಿತ್ತು. ದಕ್ಷಿಣದ ಸಮುದ್ರಗಳ ತೇವ ಆ ತಣ್ಣನೆ ಗಾಳಿಯ ಮೇಲೇರಿ ಬೋರಿಸ್ ಚಂಡಮಾರುತದ ಮಳೆಯಾಯಿತು. ಆಸ್ಟ್ರಿಯಾ, ಝೆಕ್ ಗಣರಾಜ್ಯ, ಪೋಲೆಂಡ್, ರುಮೇನಿಯಾ, ಸ್ಲೊವಾಕಿಯಾಗಳಲ್ಲಿ ನದಿಗಳು ಉಕ್ಕಿದವು. ಇಂಥ ನಾಲ್ಕು ದಿನಗಳ ಮಳೆಯ ಸಾಧ್ಯತೆಯನ್ನು ಮನುಷ್ಯ ನಿರ್ಮಿತ ತಾಪಮಾನ ಏರಿಕೆ ಸುಮಾರು ಇಮ್ಮಡಿಗೊಳಿಸಿದೆ, ಮಳೆಯ ಪ್ರಮಾಣವನ್ನು ಕನಿಷ್ಠ ಶೇ 7ರಷ್ಟು ಹೆಚ್ಚಿಸಿದೆ ಎಂದು ವಿಪರೀತ ಹವೆಯಲ್ಲಿ ವಾಯುಗುಣ ಬದಲಾವಣೆಯ ಪಾತ್ರವನ್ನು ಲೆಕ್ಕ ಹಾಕುವ ವರ್ಲ್ಡ್ ವೆದರ್ ಆಟ್ರಿಬ್ಯೂಷನ್ ತಂಡ ಅಂದಾಜಿಸಿತು. ಉಷ್ಣಾಂಶ ವಾಡಿಕೆಗಿಂತ ಎಷ್ಟೋ ಕೆಳಗಿದ್ದ ಆ ದಿನಗಳು ಬಿಸಿಯೇರಿದ ವಾಯುಗುಣದ ಪರಿಣಾಮಕ್ಕೆ ಸಾಕ್ಷಿಯಾದವು. ಥರ್ಮಾಮೀಟರ್ ಒಂದನ್ನೇ ನೋಡುತ್ತಾ ಕುಳಿತವರಿಗೆ ಇದು ಕಾಣುವುದಿಲ್ಲ.

ದೊಡ್ಡ ಸರೋವರಗಳ ಮೇಲೂ ಇದೇ ಕ್ರಿಯೆ ಸಣ್ಣ ಪ್ರಮಾಣದಲ್ಲಿ ನಡೆಯುತ್ತದೆ. ನೀರಿನ ಮೇಲ್ಮೈಗೂ ಒಂದೂವರೆ ಕಿಲೋಮೀಟರ್ ಎತ್ತರದ ಗಾಳಿಗೂ 13 ಡಿಗ್ರಿಯಷ್ಟು ಅಂತರ ಬಂದರೆ ಗಾಳಿ ತಾನಾಗಿಯೇ ಮೇಲೆದ್ದು ಮೋಡ, ತುಂತುರು, ಕೆಲವೊಮ್ಮೆ ನೀರಿನ ಸುಂಟರಗಾಳಿ ಹುಟ್ಟುತ್ತವೆ. ಫ್ರಂಟ್ ದಾಟಿತು, ಆಕಾಶ ತಿಳಿಯಾಯಿತು ಎಂದು ದೋಣಿ ಇಳಿಸುವವರು ಈ ಅಂಕಿಯನ್ನು ಒಮ್ಮೆ ನೋಡುವುದು ಒಳ್ಳೆಯದು.

ಹಾಗಾದರೆ ಒಂದು ತಂಪಿನ ವಾರವನ್ನು ಓದುವುದು ಹೇಗೆ? ಮೊದಲು ಅದು ಯಾವ ಅವಧಿಯ ವಾಡಿಕೆಗೆ ಹೋಲಿಸಿದ್ದು ಎಂದು ನೋಡಿ, ಹಳೆಯ ಅವಧಿಯ ಅಂಕಿ ಸಿಕ್ಕರೆ ಅದನ್ನೂ ಪಕ್ಕದಲ್ಲಿಡಿ. ಗರಿಷ್ಠ ಕನಿಷ್ಠಗಳನ್ನು ಬೇರೆ ಬೇರೆಯಾಗಿ ನೋಡಿ: ಗರಿಷ್ಠ ಮಾತ್ರ ಇಳಿದು ಕನಿಷ್ಠ ಹಾಗೇ ಇದ್ದರೆ ಅದು ಮೋಡ ಮಳೆಯ ತಂಪು, ಅಥವಾ ದೂರದ ಕಾಳ್ಗಿಚ್ಚಿನ ಹೊಗೆ ಬಿಸಿಲನ್ನು ತಡೆದಿರಬಹುದು. ಎರಡೂ ಇಳಿದು ಇಬ್ಬನಿ ಬಿಂದುವೂ ಕುಸಿದಿದ್ದರೆ ಗಾಳಿಯೇ ಬದಲಾಗಿದೆ. ನಂತರ ನಕ್ಷೆಯನ್ನು ದೊಡ್ಡದಾಗಿ ತೆರೆದು ಅದೇ ದಿನ ಇಡೀ ಅರ್ಧಗೋಳದಲ್ಲಿ ಎಲ್ಲಿ ಬಿಸಿ, ಎಲ್ಲಿ ತಂಪು ಎಂದು ನೋಡಿ. ಕೊನೆಗೆ ತಿಂಗಳು ಮುಗಿಯುವವರೆಗೆ ಕಾಯಿರಿ. ನಾಲ್ಕು ತಂಪಿನ ದಿನಗಳಿದ್ದ ತಿಂಗಳು ಕೂಡ ಒಟ್ಟಾರೆ ಸರಾಸರಿಗಿಂತ ಬಿಸಿಯಾಗಿ ಮುಗಿಯುವುದು ಇತ್ತೀಚೆಗೆ ಸಾಮಾನ್ಯ. ಮರಗಳ ಎಲೆ ಉದುರುವುದನ್ನು ಮಾತ್ರ ಸಾಕ್ಷಿಯಾಗಿ ಹಿಡಿಯಬೇಡಿ. ಆಗಸ್ಟ್‌ನಲ್ಲಿ ಎಲೆ ಕಂದಾಗಿ ಅಂಚು ಸುಟ್ಟಂತೆ ಉದುರಿದರೆ ಅದಕ್ಕೆ ಕಾರಣ ಬಹುಪಾಲು ಬರ ಮತ್ತು ಶಾಖ. ಚಳಿ ಹತ್ತಿರವಾಗಿದೆ ಎಂಬುದರ ಗುರುತಲ್ಲ ಅದು.

ಬಿಸಿ ಮರಳಿ ಬರುವುದಕ್ಕೆ ಸಿದ್ಧರಿರಬೇಕು. ದಪ್ಪ ಇಟ್ಟಿಗೆ, ಕಾಂಕ್ರೀಟಿನ ಕಟ್ಟಡಗಳು ಹೊರಗೆ ತಂಪಾದ ಮೇಲೂ ಒಂದೆರಡು ದಿನ ಒಳಗೆ ಬಿಸಿಯನ್ನು ಬಿಡುತ್ತಿರುತ್ತವೆ. ತಂಪಿನ ರಾತ್ರಿಗಳಲ್ಲಿ ಎದುರುಬದುರು ಕಿಟಕಿ ತೆರೆದು, ಬೆಳಿಗ್ಗೆ ಹೊರಗಿನ ಉಷ್ಣಾಂಶ ಒಳಗಿನದನ್ನು ಮೀರುವ ಮುನ್ನ ಮುಚ್ಚಿದರೆ ಗೋಡೆಗಳು ಆರಿ, ಮುಂದಿನ ಬಿಸಿಗೆ ಒಂದಷ್ಟು ಜಾಗ ಉಳಿಸಿಕೊಳ್ಳುತ್ತವೆ. ಮೈಯ ವಿಷಯ ಇದಕ್ಕೆ ತದ್ವಿರುದ್ಧ. ಬಿಸಿಗೆ ದೇಹ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು, ಆದರೆ ಬಿಸಿಯಿಂದ ಒಂದು ವಾರ ದೂರವಿದ್ದರೆ ಆ ಹೊಂದಾಣಿಕೆಯ ಗಣನೀಯ ಭಾಗ ಕಳೆದುಹೋಗುತ್ತದೆ, ಒಂದು ತಿಂಗಳಲ್ಲಿ ಬಹುತೇಕ ಎಲ್ಲವೂ. ಸೆಪ್ಟೆಂಬರ್ ಮೊದಲ ವಾರದ 34 ಡಿಗ್ರಿ ಜುಲೈ ಕೊನೆಯ 34 ಡಿಗ್ರಿಗಿಂತ ಅಪಾಯಕಾರಿಯಾಗಬಹುದಾದದ್ದು ಇದರಿಂದ. ಬಯಲಿನಲ್ಲಿ ದುಡಿಯುವ ಅನುಭವಿಗಳು ಬಿಡುವಿನ ನಂತರ ಬಿಸಿಗೆ ಮರಳುವಾಗ ಮೊದಲ ದಿನ ಮಾಮೂಲಿ ಅವಧಿಯ ಶೇ 50, ಎರಡನೆಯ ದಿನ ಶೇ 60, ಮೂರನೆಯ ದಿನ ಶೇ 80, ನಾಲ್ಕನೆಯ ದಿನವಷ್ಟೇ ಪೂರ್ತಿ ಅವಧಿ ಬಿಸಿಯಲ್ಲಿ ಕೆಲಸ ಮಾಡಬೇಕೆಂದು ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆ ಶಿಫಾರಸು ಮಾಡುತ್ತದೆ. ಹೊಸಬರಾದರೆ ಮೊದಲ ದಿನ ಶೇ 20ಕ್ಕಿಂತ ಹೆಚ್ಚಿಲ್ಲ, ಆಮೇಲೆ ದಿನಕ್ಕೆ ಶೇ 20ರಂತೆ ಏರಿಕೆ.